ಐಟಿಪಿ ಇರುವವರು ಲಸಿಕೆ ಹಾಕಿಸಿಕೊಳ್ಳಬಹುದೇ?

ಐಟಿಪಿ ಎಂಬ ರಕ್ತರೋಗದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುತ್ತದೆ. ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 1.5ರಿಂದ 4.5 ಲಕ್ಷ ಇರಬೇಕಾದ ಅವುಗಳ ಸಂಖ್ಯೆ 1 ಲಕ್ಷಕ್ಕಿಂತ ಕೆಳಗಿಳಿಯುತ್ತದೆ. ಕಾಲಿನ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಏಳುತ್ತವೆ, ಹಲ್ಲುಜ್ಜಿದಾಗ ವಸಡಿನಿಂದ ರಕ್ತ ಬರುತ್ತದೆ.

ಸಂಖ್ಯೆ ಕಡಿಮೆಯಾದ ಮಾತ್ರಕ್ಕೆ ಔಷಧಿ ಬೇಕೆಂದಿಲ್ಲ. ವಯಸ್ಕರಲ್ಲಿ 30,000ಕ್ಕಿಂತ ಮೇಲಿದ್ದು ರಕ್ತಸ್ರಾವವಿಲ್ಲದಿದ್ದರೆ ಸಾಮಾನ್ಯವಾಗಿ ಕಾದು ನೋಡುತ್ತಾರೆ. ಚಿಕಿತ್ಸೆ ಬೇಕಾದಾಗ ಮೊದಲು ಸ್ಟೀರಾಯ್ಡ್, ತುರ್ತಿಗೆ ಇಮ್ಯುನೋಗ್ಲೋಬ್ಯುಲಿನ್. ಅನಂತರ ಎಲ್ಟ್ರಾಂಬೋಪ್ಯಾಗ್, ರಿಟುಕ್ಸಿಮ್ಯಾಬ್ ಅಥವಾ ಗುಲ್ಮ ತೆಗೆಯುವ ಶಸ್ತ್ರಚಿಕಿತ್ಸೆ.

ಲಸಿಕೆಯ ಲೆಕ್ಕಾಚಾರ ಈ ಆಯ್ಕೆಗೇ ಅಂಟಿಕೊಂಡಿದೆ. ಹೆಚ್ಚು ಸ್ಟೀರಾಯ್ಡ್ ಅಥವಾ ರಿಟುಕ್ಸಿಮ್ಯಾಬ್ ಪಡೆಯುತ್ತಿರುವವರಿಗೆ ಎಂಎಂಆರ್‌ನಂಥ ಜೀವಂತ ಲಸಿಕೆ ಕೊಡುವುದಿಲ್ಲ. ಫ್ಲೂ ಚುಚ್ಚುಮದ್ದಿನಂಥ ನಿಷ್ಕ್ರಿಯ ಲಸಿಕೆ ಕೊಡಬಹುದು, ಆದರೆ ರಿಟುಕ್ಸಿಮ್ಯಾಬ್ ಪಡೆದ ಸುಮಾರು 6 ತಿಂಗಳು ಅದರ ಫಲ ತೀರಾ ಕಡಿಮೆ. ಗುಲ್ಮ ತೆಗೆಸುವವರಂತೂ ನ್ಯೂಮೋಕಾಕಸ್, ಮೆನಿಂಗೋಕಾಕಸ್, ಹಿಬ್ ಲಸಿಕೆಗಳನ್ನು ಕನಿಷ್ಠ 2 ವಾರ ಮೊದಲೇ ಹಾಕಿಸಿಕೊಳ್ಳಬೇಕು. ಗುಲ್ಮವಿಲ್ಲದ ದೇಹಕ್ಕೆ ಈ ಸೋಂಕುಗಳು ಪ್ರಾಣಾಂತಿಕವಾಗಬಹುದು.

ಲಸಿಕೆಯಿಂದಲೇ ಪ್ಲೇಟ್‌ಲೆಟ್ ಕುಸಿಯಬಹುದೆಂಬ ಭಯ ಪೂರ್ತಿ ಆಧಾರರಹಿತವಲ್ಲ. ಎಂಎಂಆರ್ ನಂತರ ಹತ್ತಾರು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಹೀಗಾಗುವುದುಂಟು. ಬಹುಪಾಲು ಮಕ್ಕಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಈ ಲಸಿಕೆ ತಡೆಯುವ ದಡಾರ, ರುಬೆಲ್ಲಾ ಬಂದರೂ ಪ್ಲೇಟ್‌ಲೆಟ್ ಕುಸಿಯಬಹುದು, ಅದೂ ಲಸಿಕೆಯ ನಂತರಕ್ಕಿಂತ ಹೆಚ್ಚು ಸಲ. ಹಾಗಾಗಿ ಲಸಿಕೆ ಬಿಡುವುದಕ್ಕಿಂತ, ರಕ್ತರೋಗ ತಜ್ಞರನ್ನು ಕೇಳಿ ಸಮಯ ಗೊತ್ತುಮಾಡಿಕೊಂಡು, ಮೊದಲು ಮತ್ತು ನಂತರ ರಕ್ತಪರೀಕ್ಷೆ ಮಾಡಿಸುವುದೇ ಸರಿಯಾದ ದಾರಿ. ಸಣ್ಣ ಸೂಜಿ ಬಳಸಿ, ಚುಚ್ಚಿದ ಜಾಗವನ್ನು ಉಜ್ಜದೆ ಕನಿಷ್ಠ 2 ನಿಮಿಷ ಒತ್ತಿಹಿಡಿಯಬೇಕು. ಜ್ವರ ಬಂದರೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಬೇಡ.