ಗಮನ ನಿಲ್ಲದ ಮಗುವಿಗೆ ಮೊದಲು ಬೇಕಾದದ್ದು

ಗಮನ ನಿಲ್ಲದಿರುವುದು, ಕುಳಿತಲ್ಲಿ ಕೂರಲಾಗದಿರುವುದು, ಹಿಂದುಮುಂದು ನೋಡದೆ ನುಗ್ಗುವುದು ಎಲ್ಲ ಮಕ್ಕಳಲ್ಲಿಯೂ ಅಷ್ಟಿಷ್ಟು ಕಾಣುವ ಗುಣಗಳೇ ಆದರೂ, ಅವು ವಯಸ್ಸಿಗೆ ಮೀರಿದ ಪ್ರಮಾಣದಲ್ಲಿ ಬಹುಕಾಲ ಉಳಿದು ಮಗುವಿನ ಓದು, ಆಟ, ಗೆಳೆತನಗಳಿಗೆ ನಿತ್ಯವೂ ಅಡ್ಡಿಯಾದಾಗ ಆ ಸ್ಥಿತಿಯನ್ನು ವೈದ್ಯಶಾಸ್ತ್ರ ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದು ಗುರುತಿಸುತ್ತದೆ. ಶಾಲೆಯಿಂದ ‘ಮಗುವನ್ನು ಒಮ್ಮೆ ತೋರಿಸಿ’ ಎಂಬ ಮಾತು ಬಂದ ಮೇಲೆ ಬೆಂಗಳೂರಿನ ಪುಟ್ಟೇನಹಳ್ಳಿ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳಂಥ ಕಡೆಗಳಲ್ಲಿ ತಂದೆತಾಯಿಯನ್ನು ಕಾಡುವ ಪ್ರಶ್ನೆಯೆಂದರೆ, ಕೆಲವು ಗಂಟೆಗಳ ಮನೋವೈಜ್ಞಾನಿಕ ಪರೀಕ್ಷೆ ಮಾಡಿಸಿ ವರದಿ ಪಡೆಯುವುದೇ, ಇಲ್ಲವೇ ಆ ಹಣವನ್ನು ವಾರವಾರದ ಥೆರಪಿಗೆ ತೊಡಗಿಸುವುದೇ ಎಂಬುದು. ಎರಡರಲ್ಲಿ ಒಂದನ್ನು ಆರಿಸಿಕೊಂಡರೆ ರೋಗನಿರ್ಣಯ ತಾನಾಗಿಯೇ ದೊರೆಯುತ್ತದೆ ಎಂಬ ನಂಬಿಕೆ ಈ ಪ್ರಶ್ನೆಯ ಹಿಂದಿದೆ. ಆ ನಂಬಿಕೆ ಸರಿಯಲ್ಲ.

ಎಡಿಎಚ್‌ಡಿಯನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಮಿದುಳಿನ ಸ್ಕ್ಯಾನ್ ಆಗಲಿ ಇಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್ಎಂ-5 ಎಂಬ ಕೈಪಿಡಿಯು ಗಮನಕ್ಕೆ ಸಂಬಂಧಿಸಿದ 9 ಮತ್ತು ಅತಿಚಟುವಟಿಕೆ, ದುಡುಕುಗಳಿಗೆ ಸಂಬಂಧಿಸಿದ 9 ಲಕ್ಷಣಗಳನ್ನು ಹೇಳಿ, ಇವೆರಡು ಗುಂಪುಗಳಲ್ಲಿ ಒಂದರಲ್ಲಾದರೂ 6 ಲಕ್ಷಣಗಳು, 17 ವರ್ಷ ತುಂಬಿದವರಲ್ಲಾದರೆ 5, ಕನಿಷ್ಠ 6 ತಿಂಗಳು ಇರಬೇಕೆಂದೂ, ಅವುಗಳಲ್ಲಿ ಕೆಲವು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕೆಂದೂ, ಮನೆ ಮತ್ತು ಶಾಲೆಯಂಥ ಎರಡು ಕಡೆಗಳಲ್ಲಾದರೂ ತೋರಬೇಕೆಂದೂ ವಿಧಿಸುತ್ತದೆ. ಟ್ಯೂಷನ್ನಿನಲ್ಲಿ ಮಾತ್ರ ಚಡಪಡಿಸುವ, ಉಳಿದೆಡೆ ನೆಮ್ಮದಿಯಾಗಿರುವ ಮಗುವಿನ ತೊಂದರೆಯನ್ನು ಮಗುವಿಗಿಂತ ಮೊದಲು ಟ್ಯೂಷನ್ನಿನಲ್ಲಿಯೇ ಹುಡುಕಬೇಕಾಗುತ್ತದೆ. ಈ ನಿಯಮಗಳಲ್ಲಿ ಒಂದಾದರೂ ಪರೀಕ್ಷೆಯ ಅಂಕವನ್ನು ಕೇಳುವುದಿಲ್ಲ, ಎಲ್ಲವೂ ಮಗುವಿನ ಬದುಕಿನ ಚರಿತ್ರೆಯನ್ನು ಕೇಳುತ್ತವೆ. ಆದುದರಿಂದಲೇ ರೋಗನಿರ್ಣಯದ ತಿರುಳು ಇರುವುದು ಬಸಿರು ಹೆರಿಗೆಗಳಿಂದ ಹಿಡಿದು ನಿನ್ನೆಯ ಹೋಂವರ್ಕ್‌ವರೆಗಿನ ವಿವರಗಳನ್ನು ತಾಯಿ, ತಂದೆ, ಶಿಕ್ಷಕರಿಂದ ತಾಳ್ಮೆಯಿಂದ ಕೇಳಿ ತೂಗಿನೋಡುವ ದೀರ್ಘ ಸಂದರ್ಶನದಲ್ಲಿ. ಕಾನರ್ಸ್, ವ್ಯಾಂಡರ್‌ಬಿಲ್ಟ್ ಎಂಬ ಹೆಸರಿನ ಪ್ರಶ್ನಾವಳಿಗಳು ಈ ವಿವರಗಳನ್ನು ಒಂದು ಕ್ರಮದಲ್ಲಿ ಕಲೆಹಾಕಲು ನೆರವಾಗುತ್ತವೆಯೇ ಹೊರತು, ಅವುಗಳ ಮೊತ್ತವನ್ನೇ ತೀರ್ಪೆಂದು ಓದಬಾರದು.

ಹಾಗಾದರೆ ಮನೋವೈಜ್ಞಾನಿಕ ಪರೀಕ್ಷೆಯಿಂದ ತಿಳಿಯುವುದೇನು? ಈ ವಿದ್ಯೆಗೆ ಕನ್ನಡದ ನೆಲದಲ್ಲಿ ಹಳೆಯ ನಂಟಿದೆ. ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ರೂಪಿಸಿದ ಬುದ್ಧಿಮಾಪನ ಪರೀಕ್ಷೆಯನ್ನು ಧಾರವಾಡದ ವಿ.ವಿ. ಕಾಮತರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ಮಾರ್ಪಡಿಸಿದರು, ಮತ್ತು ಬಿನೆ-ಕಾಮತ್ ಎಂಬ ಹೆಸರಿನಲ್ಲಿ ಅದು ದೇಶದ ಅನೇಕ ಚಿಕಿತ್ಸಾಲಯಗಳನ್ನು ತಲುಪಿತು. ನೆನಪು, ತರ್ಕ, ಭಾಷೆಗಳಲ್ಲಿ ಮಗುವಿನ ಶಕ್ತಿ ಎಲ್ಲಿದೆ, ಎಲ್ಲಿ ಕುಂದಿದೆ ಎಂಬುದನ್ನು ಇಂಥ ಪರೀಕ್ಷೆಗಳು ಚೆನ್ನಾಗಿ ತೋರಿಸುತ್ತವೆ. ಆದರೆ ಸದ್ದಿಲ್ಲದ ಕೋಣೆಯಲ್ಲಿ, ಎದುರಿಗೆ ಒಬ್ಬರೇ ಕುಳಿತು, ಹೊಸ ಹೊಸ ಒಗಟುಗಳನ್ನು ಒಂದಾದ ಮೇಲೊಂದು ಮುಂದಿಡುವಾಗ, 40 ಮಕ್ಕಳ ತರಗತಿಯಲ್ಲಿ 5 ನಿಮಿಷ ಕೂರಲಾರದ ಮಗುವೂ ಗಮನವಿಟ್ಟು ಕೂರಬಲ್ಲದು. ನಿದ್ದೆಗೆಟ್ಟ, ಹೆದರಿದ ಮಗುವಿನ ಅಂಕವೋ ಎಡಿಎಚ್‌ಡಿ ಇಲ್ಲದೆಯೂ ಕುಸಿಯಬಲ್ಲದು. ಅಂಕ ಚೆನ್ನಾಗಿ ಬಂದ ಮಾತ್ರಕ್ಕೆ ತೊಂದರೆ ಇಲ್ಲವೆಂದೂ, ಕಡಿಮೆ ಬಂದ ಮಾತ್ರಕ್ಕೆ ಇದೆಯೆಂದೂ ಹೇಳಲಾಗದು.

ಪರೀಕ್ಷೆ ನಿಜಕ್ಕೂ ಬೇಕಾಗುವುದು ಬೇರೆಯ ಪ್ರಶ್ನೆ ಎದ್ದಾಗ. ಮಗು ಓದಲು ಹಿಂಜರಿಯುವುದು ಗಮನ ನಿಲ್ಲದ್ದರಿಂದಲೋ ಅಥವಾ ಅಕ್ಷರಗಳನ್ನೇ ಬಿಡಿಸಿಕೊಳ್ಳಲಾಗದ್ದರಿಂದಲೋ ಎಂಬ ಸಂಶಯಕ್ಕೆ ಸಂದರ್ಶನವೊಂದೇ ಉತ್ತರ ಕೊಡಲಾರದು; ಅಂಥ ಕಲಿಕಾ ನ್ಯೂನತೆಯನ್ನು ಪತ್ತೆಹಚ್ಚಲೆಂದೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ರೂಪಿಸಿದ ಪರೀಕ್ಷಾಗುಚ್ಛವಿದೆ. ಇಲ್ಲಿ ಕಾನೂನಿನ ಸೂಕ್ಷ್ಮವೊಂದನ್ನು ತಂದೆತಾಯಿ ತಿಳಿದಿರಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿಮಾಡುವ 21 ಬಗೆಯ ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಸೇರಿದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಸೇರಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಸಿಗಬಹುದೆಂಬ ಒಂದೇ ಆಸೆಯಿಂದ ಎಡಿಎಚ್‌ಡಿ ವರದಿಗೆ ಹಣ ಸುರಿಯುವ ಮುನ್ನ, ಮಗುವಿಗೆ ಕಲಿಕಾ ನ್ಯೂನತೆಯೂ ಇದೆಯೇ ಎಂಬುದನ್ನು ಕೇಳಿಕೊಳ್ಳುವುದು ಒಳಿತು.

ಇನ್ನು ಥೆರಪಿ. ಏಳು ವರ್ಷದ ಮಗುವನ್ನು ವಾರಕ್ಕೊಮ್ಮೆ ಕೋಣೆಯೊಳಗೆ ಕೂರಿಸಿಕೊಂಡು ಮುಕ್ಕಾಲು ಗಂಟೆ ಬುದ್ಧಿ ಹೇಳಿ ಕಳಿಸುವುದು ಎಡಿಎಚ್‌ಡಿಗೆ ಚಿಕಿತ್ಸೆಯಾಗದು. ಆಧಾರವಿರುವ ವಿಧಾನದಲ್ಲಿ ತರಬೇತಿ ದೊರೆಯುವುದು ಮುಖ್ಯವಾಗಿ ತಂದೆತಾಯಿಗೆ: ಸೂಚನೆಗಳನ್ನು ಒಂದೊಂದಾಗಿ, ಮಗುವಿನ ಕಣ್ಣು ನೋಡಿ ಹೇಳುವುದು, ದೊಡ್ಡ ಕೆಲಸವನ್ನು ತುಂಡು ಮಾಡಿಕೊಡುವುದು, ಸರಿ ಮಾಡಿದ ಕ್ಷಣದಲ್ಲಿಯೇ ಮೆಚ್ಚುವುದು, ಹೊಡೆತ ಬೈಗುಳಗಳನ್ನು ಬಿಟ್ಟು ಮೊದಲೇ ಹೇಳಿದ ಸಣ್ಣ ಪರಿಣಾಮಗಳನ್ನು ತಪ್ಪದೆ ಜಾರಿಗೆ ತರುವುದು, ಇದನ್ನೇ ತರಗತಿಯಲ್ಲಿಯೂ ನಡೆಸುವಂತೆ ಶಿಕ್ಷಕರ ಜತೆ ಕೂಡಿ ದುಡಿಯುವುದು. ಆರು ವರ್ಷದೊಳಗಿನ ಮಕ್ಕಳಿಗೆ ಔಷಧಕ್ಕಿಂತ ಮೊದಲು ಈ ತರಬೇತಿಯೇ ನಡೆಯಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದಕ್ಕಿಂತ ದೊಡ್ಡ ಮಕ್ಕಳ ವಿಷಯದಲ್ಲಿ 1999ರಲ್ಲಿ ಪ್ರಕಟವಾದ ಎಂಟಿಎ ಎಂಬ ಅಮೆರಿಕದ ಅಧ್ಯಯನ ಇಂದಿಗೂ ಮುಖ್ಯವಾದುದು. 579 ಮಕ್ಕಳನ್ನು 14 ತಿಂಗಳ ಕಾಲ ನೋಡಿಕೊಂಡ ಆ ಅಧ್ಯಯನದಲ್ಲಿ, ಎಚ್ಚರದಿಂದ ಹೊಂದಿಸಿದ ಔಷಧವು ಎಡಿಎಚ್‌ಡಿಯ ಮೂಲ ಲಕ್ಷಣಗಳನ್ನು ಇಂಥ ತರಬೇತಿಯುಳ್ಳ ಬರಿಯ ವರ್ತನಾ ಚಿಕಿತ್ಸೆಗಿಂತ ಹೆಚ್ಚಾಗಿ ತಗ್ಗಿಸಿತು. ಎರಡನ್ನೂ ಕೂಡಿಸಿದಾಗ ಆತಂಕ, ತಂದೆತಾಯಿ ಮತ್ತು ಮಕ್ಕಳ ಸಂಬಂಧದಂಥ ಬೇರೆ ವಿಷಯಗಳಲ್ಲಿ ಒಂದಿಷ್ಟು ಹೆಚ್ಚಿನ ಲಾಭ ಕಂಡಿತು. ಮೀಥೈಲ್‌ಫೆನಿಡೇಟ್ ಎಂಬ ಆ ಔಷಧ ಭಾರತದಲ್ಲಿ ಶೆಡ್ಯೂಲ್ ಎಕ್ಸ್ ಎಂಬ ಬಿಗಿ ನಿಯಂತ್ರಣದ ಪಟ್ಟಿಯಲ್ಲಿರುವುದರಿಂದ ವೈದ್ಯರ ಚೀಟಿಯಿಲ್ಲದೆ ದೊರೆಯುವಂಥದಲ್ಲ.

ರೋಗನಿರ್ಣಯಕ್ಕೆ ಮೊದಲೇ ಥೆರಪಿಗೆ ಸೇರಿಸಿಬಿಟ್ಟರೆ ಒಂದು ಅಪಾಯವಿದೆ. ಕಿವಿ ಮಂದವಾಗಿದ್ದರೆ, ಕರಿಹಲಗೆ ಸರಿಯಾಗಿ ಕಾಣದಿದ್ದರೆ, ಗಲಗ್ರಂಥಿ ಊದಿ ರಾತ್ರಿ ನಿದ್ದೆ ಕೆಡುತ್ತಿದ್ದರೆ, ಥೈರಾಯ್ಡ್ ಅಥವಾ ರಕ್ತಹೀನತೆಯ ತೊಂದರೆಯಿದ್ದರೆ, ಅಥವಾ ಮನೆಯೊಳಗಿನ ಜಗಳ ಮಗುವಿನ ಮನಸ್ಸನ್ನು ಕಲಕಿದ್ದರೆ, ಹೊರಗೆ ಕಾಣುವ ರೂಪ ಗಮನದ ಕೊರತೆಯೇ ಆಗಿರುತ್ತದೆ, ಮತ್ತು ಆ ಕಾರಣ ತಿಳಿಯದೆ ತಿಂಗಳುಗಳು ಉರುಳಿಹೋಗುತ್ತವೆ. ಇದರರ್ಥ ಹೆಸರು ಸಿಗುವವರೆಗೆ ಕೈಕಟ್ಟಿ ಕೂರಬೇಕೆಂದಲ್ಲ; ತಂದೆತಾಯಿಯ ತರಬೇತಿ ಯಾವ ಮಗುವಿಗೂ ಕೆಡುಕು ಮಾಡುವುದಿಲ್ಲವಾದ್ದರಿಂದ ಅದನ್ನು ಇಂದೇ ಆರಂಭಿಸಬಹುದು.

ಈ ವಿಷಯದಲ್ಲಿ ಬೆಂಗಳೂರಿಗೆ ಬೇರೆ ಊರುಗಳಿಗಿಲ್ಲದ ಭಾಗ್ಯವಿದೆ. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಆರಂಭವಾಗಿ 1974ರಲ್ಲಿ ಇಂದಿನ ಹೆಸರು ಪಡೆದ ನಿಮ್ಹಾನ್ಸ್, ಮಕ್ಕಳ ಮನೋವೈದ್ಯಕೀಯ ವಿಭಾಗದೊಂದಿಗೆ ಹೊಸೂರು ರಸ್ತೆಯಲ್ಲಿಯೇ ಇದೆ. ಅದರ ಸ್ವಾಸ್ಥ್ಯ ಕೇಂದ್ರವೊಂದು ಬಿಟಿಎಂ ಬಡಾವಣೆಯಲ್ಲಿದ್ದು ಪುಟ್ಟೇನಹಳ್ಳಿಗೆ ಇನ್ನೂ ಹತ್ತಿರ. ನಿಮ್ಹಾನ್ಸ್ ತಜ್ಞರು ಬೆಂಗಳೂರಿನ ನಗರ ಮತ್ತು ಗ್ರಾಮಾಂತರ ಭಾಗಗಳ 2064 ಮಕ್ಕಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4ರಿಂದ 16 ವರ್ಷದವರಲ್ಲಿ ಶೇ. 12ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂತು, ಹೆಚ್ಚಾಗಿ ಕಂಡವುಗಳಲ್ಲಿ ಅತಿಚಟುವಟಿಕೆಯೂ ಒಂದಾಗಿತ್ತು. ಮಗುವಿಗೆ ತೊಂದರೆಯಿದೆ ಎಂದು ಗ್ರಹಿಸಿದ್ದ ಕುಟುಂಬಗಳು ಶೇ. 37.5 ಮಾತ್ರ. ತುಂಟ, ಸೋಮಾರಿ ಎಂಬ ಎರಡು ಮಾತುಗಳು ಎಷ್ಟೊಂದು ಮಕ್ಕಳ ಕಷ್ಟವನ್ನು ಮುಚ್ಚಿಟ್ಟಿವೆ ಎಂಬುದು ಈ ಅಂಕಿಯಿಂದ ತಿಳಿಯುತ್ತದೆ.

ಒಂದಕ್ಕೆ ಮಾತ್ರ ಹಣವಿರುವ ಕುಟುಂಬ ಅದನ್ನು ಮೊದಲು ವೆಚ್ಚಮಾಡಬೇಕಾದದ್ದು ಮಕ್ಕಳ ಮನೋವೈದ್ಯರ, ಅಥವಾ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯುಳ್ಳ ಕ್ಲಿನಿಕಲ್ ಸೈಕಾಲಜಿಸ್ಟರ ಪೂರ್ಣ ಸಂದರ್ಶನಕ್ಕೆ. ಆಮೇಲೆ ತಂದೆತಾಯಿಯ ತರಬೇತಿಗೆ. ಉತ್ತರ ಬೇಕಾದ ನಿರ್ದಿಷ್ಟ ಪ್ರಶ್ನೆ ಉಳಿದರೆ ಮಾತ್ರ ಪರೀಕ್ಷೆಗೆ. ಹೋಗುವಾಗ ಹಳೆಯ ಅಂಕಪಟ್ಟಿಗಳನ್ನೂ, ಶಿಕ್ಷಕರು ಷರಾ ಬರೆದ ಡೈರಿಗಳನ್ನೂ ತಪ್ಪದೆ ಒಯ್ಯಬೇಕು, ಪರೀಕ್ಷೆ ಮಾಡಿಸಲು ಹೇಳಿದವರನ್ನು ‘ಇದರಿಂದ ಯಾವ ಸಂಶಯ ಪರಿಹಾರವಾಗುತ್ತದೆ’ ಎಂದು ಸಂಕೋಚವಿಲ್ಲದೆ ಕೇಳಬೇಕು. ಎಲ್ಲಿಂದ ಆರಂಭಿಸಬೇಕೆಂದು ತೋಚದವರು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.