ಗುಳಿಯಿಂದ ಶುರುವಾಗುವ ಗಾಲ್ಫ್: ಕರಾವಳಿಯ ಮಕ್ಕಳಿಗೆ ಮೊದಲ ಪಾಠ

ಗಾಲ್ಫ್ ಎಂದೊಡನೆ ಕಣ್ಣಿಗೆ ಕಟ್ಟುವುದು ನೂರಾರು ಎಕರೆಯ ಹಸಿರು ಹಾಸು, ಮೈ ತಿರುಗಿಸಿ ಬೀಸಿದ ಹೊಡೆತ, ದೂರದಲ್ಲಿ ಮಾಯವಾಗುವ ಬಿಳಿ ಚೆಂಡು. ಸಹ್ಯಾದ್ರಿಗೂ ಸಮುದ್ರಕ್ಕೂ ನಡುವೆ ಒತ್ತಿಕೊಂಡಿರುವ ಕಾರವಾರ, ಅಂಕೋಲೆಗಳಲ್ಲಿ ಅಷ್ಟು ಬಯಲು ಎಲ್ಲಿಂದ ಬರಬೇಕು? ಮಕ್ಕಳು ಹೋಗಿ ಕಲಿಯಬಹುದಾದ ಸಾರ್ವಜನಿಕ ಗಾಲ್ಫ್ ಮೈದಾನ ಈ ಎರಡೂ ತಾಲ್ಲೂಕುಗಳಲ್ಲಿ ಇಲ್ಲ. ಹಾಗಾಗಿ ಇದು ನಮ್ಮ ಮಕ್ಕಳ ಆಟವಲ್ಲ ಎಂದು ಬಹಳ ಜನ ಯೋಚಿಸುವ ಗೋಜಿಗೇ ಹೋಗುವುದಿಲ್ಲ. ಆದರೆ ಎಳೆಯ ವಯಸ್ಸಿನಲ್ಲಿ ಈ ಆಟವನ್ನು ಕಲಿಯಬೇಕಾದ್ದು ಗುಳಿಯ ಪಕ್ಕದಿಂದ. ಆ ಪಾಠಕ್ಕೆ ಮನೆಯಂಗಳ ಸಾಕು.

ಐದರ ಹರೆಯದ ಹುಡುಗಿ

ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಅದಿತಿ ಅಶೋಕ್. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆಕೆಗೆ ಐದು ವರ್ಷವಿದ್ದಾಗ ಅಪ್ಪ, ಅಮ್ಮನ ಜೊತೆ ತಿಂಡಿಗೆ ಹೋಗುತ್ತಿದ್ದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಅಭ್ಯಾಸದ ಅಂಗಳ ಕಾಣುತ್ತಿತ್ತು. ಅಲ್ಲಿ ನಡೆಯುವುದೇನು ಎಂಬ ಕುತೂಹಲ ಹುಡುಗಿಯನ್ನು ಒಳಗೆ ಕರೆದೊಯ್ದಿತು. ಮನೆಯಲ್ಲಿ ಮೊದಲೇ ಗಾಲ್ಫ್ ಆಡುತ್ತಿದ್ದವರು ಯಾರೂ ಇರಲಿಲ್ಲ.

2016ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಅದಿತಿ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದಳು. ಅಪ್ಪನೇ ಕ್ಯಾಡಿಯಾಗಿ ಕ್ಲಬ್ಬುಗಳ, ಅಂದರೆ ಚೆಂಡು ಹೊಡೆಯುವ ಕೋಲುಗಳ, ಚೀಲ ಹೊತ್ತರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚೀಲ ಅಮ್ಮನ ಹೆಗಲೇರಿತು. ನಾಲ್ಕು ದಿನಗಳ ಸ್ಪರ್ಧೆ ಮುಗಿದಾಗ ಅದಿತಿ ನಾಲ್ಕನೆಯ ಸ್ಥಾನದಲ್ಲಿದ್ದಳು. ಕಂಚಿಗೂ ಆಕೆಗೂ ಇದ್ದ ಅಂತರ ಒಂದೇ ಒಂದು ಹೊಡೆತ, ಚಿನ್ನಕ್ಕೆ ಎರಡು. ಚೆಂಡನ್ನು ದೂರ ಅಟ್ಟುವುದರಲ್ಲಿ ಅಲ್ಲಿದ್ದ ಬಹುತೇಕ ಆಟಗಾರ್ತಿಯರು ಆಕೆಗಿಂತ ಮುಂದಿದ್ದರು. ಅಷ್ಟಾದರೂ ಆಕೆ ಕೊನೆಯವರೆಗೂ ಪದಕದ ಪೈಪೋಟಿಯಲ್ಲಿ ಉಳಿದದ್ದು ಗುಳಿಯ ಸುತ್ತಲಿನ ಆಟದ ಬಲದಿಂದ.

2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಅದಿತಿ ಬೆಳ್ಳಿ ಗೆದ್ದಳು. ಏಷ್ಯನ್ ಕ್ರೀಡಾಕೂಟದ ಗಾಲ್ಫ್‌ನಲ್ಲಿ ಭಾರತೀಯ ಮಹಿಳೆಯೊಬ್ಬರಿಗೆ ಸಿಕ್ಕ ಮೊದಲ ಪದಕ ಅದು. ಆ ಕೂಟದಲ್ಲಿ ಭಾರತದ ಮಹಿಳಾ ತಂಡದಲ್ಲಿದ್ದ ಮೂವರೂ ಕರ್ನಾಟಕದವರೇ: ಅದಿತಿ, ಬೆಂಗಳೂರಿನ ಅವನಿ ಪ್ರಶಾಂತ್, ಮೈಸೂರಿನ ಪ್ರಣವಿ ಅರಸ್.

ಸಿರಿವಂತರ ಮನೆಯ ಮಕ್ಕಳಿಗೆ ಮಾತ್ರ ಈ ದಾರಿ ತೆರೆದಿದೆ ಎನ್ನುವಂತೆಯೂ ಇಲ್ಲ. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಬೇರೆಯವರ ಚೀಲ ಹೊರುತ್ತಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿ ಬಳಿಯ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯಲ್ಲಿ ಬೆಳೆದ ಎಸ್. ಚಿಕ್ಕರಂಗಪ್ಪ ದೇಶದ ಮುಂಚೂಣಿಯ ವೃತ್ತಿಪರ ಆಟಗಾರರಾದರು. ಚಿಕ್ಕಂದಿನಲ್ಲೇ ಆಟ ಕಣ್ಣಿಗೆ ಬಿದ್ದದ್ದು, ಕೈಗೆ ಸಿಕ್ಕದ್ದು ಇವರೆಲ್ಲರಿಗೂ ದಾರಿ ಮಾಡಿಕೊಟ್ಟಿತು.

ಗುಳಿಯಿಂದ ಹಿಂದಕ್ಕೆ

ಸಾಮಾನ್ಯವಾಗಿ ಹದಿನೆಂಟು ಗುಳಿಗಳ ಮೈದಾನದ 'ಪಾರ್', ಅಂದರೆ ನುರಿತ ಆಟಗಾರ ಮುಗಿಸಬೇಕಾದ ಹೊಡೆತಗಳ ಲೆಕ್ಕ, 72. ಪ್ರತಿ ಗುಳಿಯ ಬಳಿಯ ನುಣುಪು ಹುಲ್ಲಿನ ಮೇಲೆ, ಅಂದರೆ ಗ್ರೀನ್ ಮೇಲೆ, ಎರಡು ತಳ್ಳುಹೊಡೆತ ಬೇಕಾಗುತ್ತವೆ ಎಂದು ಆ ಲೆಕ್ಕದಲ್ಲೇ ಹಿಡಿದಿರುತ್ತಾರೆ. ಹದಿನೆಂಟು ಗುಳಿಗೆ 36 ಆಯಿತು. ಈ ತಳ್ಳುಹೊಡೆತವೇ ಪುಟಿಂಗ್. ಆಟದ ಅರ್ಧ ಲೆಕ್ಕ ಅದರಲ್ಲೇ ಇದೆ, ಅದಕ್ಕೆ ತೋಳ್ಬಲ ಬೇಕಿಲ್ಲ. ಆರು ವರ್ಷದ ಮಗು ದೊಡ್ಡವರಿಗೆ ಸಮನಾಗಿ ನಿಲ್ಲಬಲ್ಲ ಜಾಗ ಗಾಲ್ಫ್‌ನಲ್ಲಿ ಇದೊಂದೇ. ಟೈಗರ್ ವುಡ್ಸ್‌ಗೆ ಅವರ ತಂದೆ ಅರ್ಲ್ ವುಡ್ಸ್ ಕಲಿಸಿದ ಕ್ರಮವೂ ಹೀಗೇ: ಮೊದಲು ಪುಟಿಂಗ್, ಆಮೇಲೆ ಚೆಂಡನ್ನು ತುಸು ಎತ್ತಿ ಹಾಕುವ ಚಿಪ್ಪಿಂಗ್, ಕಟ್ಟಕಡೆಗೆ ಪೂರ್ತಿ ಬೀಸು.

ಗೋಲಿ ಆಡುವ ಮಕ್ಕಳಿಗೆ ಇದರ ಗುಟ್ಟು ಬಿಡಿಸಿ ಹೇಳಬೇಕಿಲ್ಲ. ಹಿಮ್ಮಡಿಯಿಂದ ನೆಲ ಕೊರೆದು ಮಾಡಿದ ಗುಳಿಗೆ ಗೋಲಿ ಬೀಳಿಸುವಾಗ ಜೋರಾದರೆ ಹಾರಿ ಹೋಗುತ್ತದೆ, ಮೆತ್ತಗಾದರೆ ಅಂಚಿಗೆ ಬರುವ ಮೊದಲೇ ನಿಲ್ಲುತ್ತದೆ. ಗಾಲ್ಫ್‌ನ ಗುಳಿಯ ಅಗಲ 108 ಮಿ.ಮೀ.; ಚೆಂಡಿನ ವ್ಯಾಸ 42.67 ಮಿ.ಮೀ.ಗಿಂತ ಕಡಿಮೆ ಇರಕೂಡದು, ತೂಕ 45.93 ಗ್ರಾಂ ಮೀರಕೂಡದು. ನೆಟ್ಟಗೆ ಗುಳಿಯ ನಡುವಿಗೇ ಬಂದ ಚೆಂಡು ಕೂಡ ಸೆಕೆಂಡಿಗೆ ಸುಮಾರು ಒಂದೂವರೆ ಮೀಟರಿಗಿಂತ ಹೆಚ್ಚು ವೇಗದಲ್ಲಿದ್ದರೆ ಒಳಗೆ ಬೀಳದೆ ದಾಟಿಬಿಡುತ್ತದೆ. ಅಂಚಿನ ಕಡೆಗೆ ಬಂದ ಚೆಂಡು ಬೀಳಬೇಕಾದರೆ ವೇಗ ಇನ್ನೂ ಕಡಿಮೆ ಇರಬೇಕು. ಅಂದರೆ ನಿಧಾನವಾಗಿ ಬರುವ ಚೆಂಡಿಗೆ ಗುಳಿ ಅಗಲವಾಗುತ್ತದೆ, ಧಾವಿಸಿ ಬರುವ ಚೆಂಡಿಗೆ ಕಿರಿದಾಗುತ್ತದೆ. ಮಗುವಿಗೆ ಮೊದಲು ಒಗ್ಗಬೇಕಾದ್ದು ಈ ಹದ. ಗುರಿ ಹಿಡಿಯುವುದು ಆಮೇಲೆ.

ಮನೆಯಲ್ಲಿ ಇದನ್ನು ಕಲಿಸಲು ನಾಲ್ಕಿಂಚಿನ ಪಿವಿಸಿ ಪೈಪಿನ ಒಂದು ತುಂಡು ಸಾಕು. ಅಂಗಳದ ಮಣ್ಣಿನಲ್ಲಿ ಹುಗಿದರೆ ಗುಳಿಯ ಅಳತೆ ಹೆಚ್ಚುಕಡಿಮೆ ಸರಿಯಾಗುತ್ತದೆ. ಮಳೆಗಾಲದಲ್ಲಿ ಜಗಲಿಯೇ ಮೈದಾನ. ನಯವಾದ ಸಿಮೆಂಟು ನೆಲದ ಮೇಲೆ ಚೆಂಡು ಸರ್ರನೆ ಓಡುತ್ತದೆ, ಚಾಪೆಯ ಮೇಲೆ ನಿಧಾನಿಸುತ್ತದೆ, ಕಂಬಳಿಯ ಮೇಲೆ ಬೇಗ ನಿಲ್ಲುತ್ತದೆ. ಒಂದೇ ದೂರವನ್ನು ಮೂರು ಕಡೆ ಆಡಿಸಿ ನೋಡಿ: ನೆಲ ಬದಲಾದಂತೆ ಕೈಯ ಹದವೂ ಬದಲಾಗಬೇಕೆಂದು ಮಗುವೇ ಕಂಡುಕೊಳ್ಳುತ್ತದೆ.

ಮರಳಿನ ಮೇಲೆ

ಗಾಲ್ಫ್ ಬೆಳೆದದ್ದು ಸ್ಕಾಟ್ಲೆಂಡಿನ ಕಡಲಂಚಿನ ಮರಳುದಿಬ್ಬಗಳಲ್ಲಿ. ಉಳುಮೆಗೆ ಬಾರದ, ಕುರಿ ಮೇಯುತ್ತಿದ್ದ ಆ ನೆಲದಲ್ಲಿ ಜನ ಚೆಂಡು ಹೊಡೆಯುತ್ತ ನಡೆದರು. ಹದಿನೆಂಟು ಗುಳಿಗಳ ಲೆಕ್ಕ 1764ರಲ್ಲಿ ಸೇಂಟ್ ಆಂಡ್ರ್ಯೂಸ್ ಎಂಬ ಅಂಥದೇ ಕಡಲೂರಿನಲ್ಲಿ ಶುರುವಾಯಿತು. ಬ್ರಿಟಿಷರೊಂದಿಗೆ ಆಟ ಇಲ್ಲಿಗೆ ಬಂತು: ಕಲ್ಕತ್ತೆಯ ಕ್ಲಬ್ 1829ರದು, ಬೆಂಗಳೂರಿನದು 1876ರದು. ಹುಲ್ಲು ಬೆಳೆಸುವುದು ಕಷ್ಟವಾದ ಕಡೆ ಎಣ್ಣೆ ಬೆರೆಸಿದ ಮರಳನ್ನು ಹಾಸಿ, ಗ್ರೀನ್ ಬದಲು 'ಬ್ರೌನ್' ಮಾಡಿ ಆಡಿದವರೂ ಇದ್ದಾರೆ.

ಕಾರವಾರದ ಟಾಗೋರ್ ಕಡಲತೀರದಲ್ಲೋ ಅಂಕೋಲೆಯ ನದಿಬಾಗದಲ್ಲೋ ಇಳಿತದ ಹೊತ್ತಿಗೆ ನಡೆದು ನೋಡಿ. ನೀರು ಈಗಷ್ಟೇ ಹಿಂದೆ ಸರಿದ ಪಟ್ಟಿ ಕಾಲು ಹೂತುಕೊಳ್ಳದಷ್ಟು ಗಟ್ಟಿಯಾಗಿ, ಸಮವಾಗಿ, ಕಡಲಿನ ಕಡೆಗೆ ತುಸು ವಾಲಿಕೊಂಡಿರುತ್ತದೆ. ಅಲ್ಲಿ ತೀರದುದ್ದಕ್ಕೆ ತಳ್ಳಿದ ಚೆಂಡು ನೇರ ಹೋಗದೆ ನೀರಿನತ್ತ ಬಾಗುತ್ತದೆ. ವೇಗ ತಗ್ಗಿದಷ್ಟೂ ಹೆಚ್ಚು ಬಾಗುತ್ತದೆ. ಇಳಿಜಾರು ಲೆಕ್ಕ ಹಾಕಿ ಗುಳಿಗಿಂತ ಮೇಲಕ್ಕೆ ಗುರಿಯಿಡುವುದನ್ನು ಇದಕ್ಕಿಂತ ಸುಲಭವಾಗಿ ಕಲಿಸಲಾಗದು. ನಾಲ್ಕು ಹೆಜ್ಜೆ ಮೇಲೆ, ಒಣ ಮರಳಿನಲ್ಲಿ, ಚೆಂಡು ಅರ್ಧ ಮುಳುಗುತ್ತದೆ. ಅಲ್ಲಿ ಚೆಂಡಿಗೆ ತಾಗಿಸದೆ ಅದರ ಹಿಂದಿನ ಮರಳನ್ನು ಹೊಡೆದರೆ ಮರಳೇ ಚೆಂಡನ್ನು ಎತ್ತಿ ಹಾಕುತ್ತದೆ. ಗಾಲ್ಫ್ ಮೈದಾನದ ಮರಳುಗುಂಡಿಯಿಂದ ಪಾರಾಗುವ ವಿದ್ಯೆ ಇದೇ.

ತೀರದಲ್ಲಿ ಆಡುವಾಗ ಕೆಲವು ಕಟ್ಟಳೆ ಪಾಲಿಸಲೇಬೇಕು. ಜನ ಓಡಾಡುವ ಜಾಗದಲ್ಲಿ ಗಟ್ಟಿ ಗಾಲ್ಫ್ ಚೆಂಡನ್ನು ಎತ್ತಿ ಹೊಡೆಯಕೂಡದು. ಅದಕ್ಕೆ ಟೆನಿಸ್ ಚೆಂಡು ಇದೆ. ಬಲೆ ಎಳೆಯುವ, ಮೀನು ಒಣಗಿಸುವ ಜಾಗ ಮೀನುಗಾರರದು. ಚಳಿಗಾಲದಿಂದ ಬೇಸಿಗೆಯವರೆಗೆ ಕಡಲಾಮೆಗಳು ಈ ತೀರಕ್ಕೆ ಮೊಟ್ಟೆಯಿಡಲು ಬರುತ್ತವೆ. ಆಗ ಮೇಲಿನ ಒಣ ಮರಳನ್ನು ಅಗೆಯಬಾರದು, ಅರಣ್ಯ ಇಲಾಖೆ ಬೇಲಿ ಹಾಕಿದ ಕಡೆ ಸುಳಿಯಬಾರದು. ಆಡಿ ಮುಗಿದ ಮೇಲೆ ಗುಳಿ ಮುಚ್ಚಿ, ಚೆಂಡು ಎಣಿಸಿಕೊಂಡು ಬರಬೇಕು.

ಕೈಗೆ ತಕ್ಕ ಕ್ಲಬ್ಬು

ದೊಡ್ಡವರ ಕ್ಲಬ್ಬನ್ನು ಗರಗಸದಿಂದ ಕೊಯ್ದು ಮಗುವಿಗೆ ಕೊಡುವ ರೂಢಿ ಇದೆ. ಉದ್ದ ಕಡಿಮೆಯಾದರೂ ತುದಿಯ ಭಾರ ಹಾಗೇ ಉಳಿಯುತ್ತದೆ, ದಂಡ ಇನ್ನಷ್ಟು ಬಿರುಸಾಗುತ್ತದೆ. ಎಳೆಯ ಮಣಿಕಟ್ಟು ಅದನ್ನು ತಾಳಲಾರದೆ ಮಗು ಇಡೀ ಮೈಯಿಂದ ಎಳೆಯತೊಡಗುತ್ತದೆ. ಹಾಗೆ ಅಂಟಿದ ಅಭ್ಯಾಸ ಬಿಡಿಸುವುದು ಕಷ್ಟ. ಎತ್ತರಕ್ಕೆ ತಕ್ಕ ಹಗುರ ಕ್ಲಬ್ಬುಗಳು ಎರಡೇ ಇದ್ದರೂ ಸಾಕು: ತಳ್ಳಲು ಒಂದು ಪುಟರ್, ಎತ್ತಲು ಒಂದು ವೆಜ್. ನಿಯಮದ ಪ್ರಕಾರ ಹದಿನಾಲ್ಕರವರೆಗೆ ಇಟ್ಟುಕೊಳ್ಳಬಹುದು, ಆದರೆ ಆ ಮಾತಿಗೆ ಇನ್ನೂ ವರ್ಷಗಳಿವೆ.

ಈ ಆಟದಲ್ಲಿ ಮಕ್ಕಳಿಗೆ ಆಗುವ ದೊಡ್ಡ ಪೆಟ್ಟುಗಳು ಹೆಚ್ಚಾಗಿ ತಲೆಗೆ. ಬೀಸುತ್ತಿರುವವರ ಹಿಂದೆ ಬಂದು ನಿಂತಾಗ ಆಗುವಂಥವು. ಒಬ್ಬರು ಕ್ಲಬ್ಬು ಎತ್ತಿದಾಗ ಉಳಿದವರು ನಾಲ್ಕು ದೊಡ್ಡ ಹೆಜ್ಜೆ ದೂರ ನಿಲ್ಲಬೇಕೆಂಬುದನ್ನು ಮೊದಲ ದಿನವೇ ಕಲಿಸಿ.

ವರ್ಷವಿಡೀ ಇದೊಂದನ್ನೇ ಆಡಿಸುವುದೂ ಬೇಡ. ಕಬಡ್ಡಿ, ಈಜು, ಚಿನ್ನಿದಾಂಡು ಎಲ್ಲವೂ ಇರಲಿ. ಒಂದೇ ದಿಕ್ಕಿಗೆ ಸಾವಿರಾರು ಸಲ ತಿರುಗುವ ಎಳೆ ಬೆನ್ನಿಗೆ ಬೇರೆ ಬಗೆಯ ಚಲನೆ ಬೇಕೇ ಬೇಕು.

ತನ್ನ ಲೆಕ್ಕ ತನ್ನದೇ

ಗಾಲ್ಫ್‌ನಲ್ಲಿ ಪ್ರತಿ ಆಟಗಾರನ ಬೆನ್ನ ಹಿಂದೆ ಅಂಪೈರ್ ಇರುವುದಿಲ್ಲ. ಹೊಡೆಯಲೆಂದು ಬೀಸಿ ಚೆಂಡಿಗೆ ತಾಗದೇ ಹೋದರೂ ಅದು ಒಂದು ಹೊಡೆತವೇ. ಪೊದೆಯ ಮರೆಯಲ್ಲಿ ಯಾರಿಗೂ ಕಾಣದಂತೆ ಆದದ್ದನ್ನೂ ತಾನೇ ಹೇಳಬೇಕು. ಏಳು ವರ್ಷದ ಮಗು 'ನನಗೆ ಒಂಬತ್ತಾಯಿತು' ಎಂದು ನಿಜ ಹೇಳಿದಾಗ ಅದನ್ನು ಮೆಚ್ಚಿಕೊಳ್ಳಿ, ಒಂಬತ್ತು ಏಕಾಯಿತು ಎಂದು ಗದರಬೇಡಿ. ಎಳವೆಯಲ್ಲಿ ಈ ಆಟ ಕೊಡುವ ದೊಡ್ಡ ಸಂಪತ್ತು ಈ ಪ್ರಾಮಾಣಿಕತೆ. ಮಗು ಮುಂದೆ ಕ್ಲಬ್ಬು ಹಿಡಿಯದೇ ಹೋದರೂ ಅದು ಜೊತೆಗಿರುತ್ತದೆ.

ಮುಂದಿನ ಹೆಜ್ಜೆ

ಮಗುವಿನ ಆಸಕ್ತಿ ಗಟ್ಟಿಯಾದ ಮೇಲೆ ನಿಜವಾದ ಮೈದಾನ ತೋರಿಸಬೇಕು. ಕಾಳಿ ಸೇತುವೆ ದಾಟಿ ಗೋವೆಯ ಕಾಣಕೋಣಕ್ಕೆ ಹೋದರೆ ಕಡಲಂಚಿನಲ್ಲೇ ಒಂದು ರೆಸಾರ್ಟಿನ ಮೈದಾನವಿದೆ. ತೆಂಕಣಕ್ಕೆ ಮಂಗಳೂರಿನ ಪಿಲಿಕುಳ, ಘಟ್ಟದ ಮೇಲೆ ಬೆಳಗಾವಿ ಇವೆ. ಖರ್ಚು, ಪ್ರಯಾಣ, ಕ್ಲಬ್ಬುಗಳ ಸದಸ್ಯತ್ವ ಇವೆಲ್ಲ ನಿಜವಾದ ಅಡ್ಡಿಗಳೇ. ಅದಕ್ಕೇ ಮೊದಲ ಮೆಟ್ಟಿಲು ಊರಿನಲ್ಲೇ ಇರಬೇಕು. ಕಾರವಾರದ ಮಾಲಾದೇವಿ ಮೈದಾನದ ಒಂದು ಮೂಲೆಯಲ್ಲಿ, ಅಂಕೋಲೆಯ ಜೈಹಿಂದ್ ಮೈದಾನದ ಒಂದು ಬದಿಯಲ್ಲಿ, ಇಲ್ಲವೇ ಯಾವುದೇ ಸರ್ಕಾರಿ ಶಾಲೆಯ ಅಂಗಳದಲ್ಲಿ ಆರು ಗುಳಿ, ಹತ್ತು ಪುಟ್ಟ ಪುಟರ್, ಒಂದು ಡಬ್ಬಿ ಚೆಂಡು ಇಡುವುದು ದೊಡ್ಡ ಮಾತೇನಲ್ಲ. ಶಾಲಾಭಿವೃದ್ಧಿ ಸಮಿತಿಯವರು, ದೈಹಿಕ ಶಿಕ್ಷಕರು ಮನಸ್ಸು ಮಾಡಿದರೆ ಮುಂದಿನ ಬೇಸಿಗೆ ಶಿಬಿರದಲ್ಲೇ ಇದನ್ನು ಶುರುಮಾಡಬಹುದು.