ಜಿಂಕೆಯನ್ನು ಉಳಿಸಿದ ಬೇಟೆಗಾರರು

ಬೇಟೆಗಾರ ಜಿಂಕೆಯನ್ನು ಕಾಪಾಡಿದ ಎಂದರೆ ಯಾರಿಗಾದರೂ ನಗು ಬಂದೀತು. ಬೆಕ್ಕು ಇಲಿಗಳಿಗೆ ಕಾವಲು ನಿಂತ ಹಾಗೆ! ಆದರೆ ಅಮೆರಿಕದ ಬಿಳಿಬಾಲದ ಜಿಂಕೆಯ ಮಟ್ಟಿಗೆ ಇದು ಬಹುಪಾಲು ನಿಜ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಜಿಂಕೆ ಮಾರುಕಟ್ಟೆಯ ಸರಕಾಗಿತ್ತು. ಮಾಂಸಕ್ಕಾಗಿ, ಚರ್ಮಕ್ಕಾಗಿ ಲೆಕ್ಕವಿಲ್ಲದೆ ಕೊಲ್ಲುತ್ತಿದ್ದರು. ರೈಲುಗಳು ಅದನ್ನು ನಗರಗಳಿಗೆ ಸಾಗಿಸುತ್ತಿದ್ದವು. ಕೋಟಿಗಟ್ಟಲೆ ಇದ್ದ ಜಿಂಕೆಗಳು 1900ರ ಹೊತ್ತಿಗೆ ಸುಮಾರು 5 ಲಕ್ಷಕ್ಕೆ ಇಳಿದಿದ್ದವೆಂದು ಅಂದಾಜು.

ಈ ಅಪಾಯವನ್ನು ಮೊದಲು ಗುರುತಿಸಿದವರಲ್ಲಿ ಬೇಟೆಗಾರರೂ ಇದ್ದರು. ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟ್, ಪತ್ರಿಕಾ ಸಂಪಾದಕ ಜಾರ್ಜ್ ಬರ್ಡ್ ಗ್ರಿನೆಲ್ ಮೊದಲಾದವರು 1887ರಲ್ಲಿ 'ಬೂನ್ ಅಂಡ್ ಕ್ರಾಕೆಟ್ ಕ್ಲಬ್' ಕಟ್ಟಿದರು. ಆಳವಾದ ಹಿಮದಲ್ಲಿ ಸಿಕ್ಕಿಬಿದ್ದ ಜಿಂಕೆಯನ್ನಾಗಲಿ, ನೀರಿನಲ್ಲಿ ಈಜುತ್ತಿರುವ ಪ್ರಾಣಿಯನ್ನು ದೋಣಿಯಿಂದಾಗಲಿ ಕೊಲ್ಲುವುದು ನ್ಯಾಯವಾದ ಬೇಟೆಯಲ್ಲ ಎಂದು ಸದಸ್ಯರು ತಮಗೆ ತಾವೇ ನಿಯಮ ಹಾಕಿಕೊಂಡರು. 1900ರ ಲೇಸಿ ಕಾಯ್ದೆ, ಕಾನೂನು ಮೀರಿ ಕೊಂದ ಪ್ರಾಣಿಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನು ತಡೆಯಿತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಬೇಟೆಯ ಕೋವಿ, ತೋಟಾಗಳ ಮೇಲಿನ ತೆರಿಗೆ ವನ್ಯಜೀವಿ ರಕ್ಷಣೆಗೇ ಮೀಸಲಾಯಿತು. ಈಗ ಆ ತೆರಿಗೆ ಶೇ. 11. ಇಂದು ಬಿಳಿಬಾಲದ ಜಿಂಕೆಗಳು ಸುಮಾರು 3 ಕೋಟಿ!

ಹೆಚ್ಚಾದರೂ ತೊಂದರೆ

ಇಲ್ಲಿಗೆ ಕಥೆ ಮುಗಿಯಲಿಲ್ಲ. ಜಿಂಕೆಯನ್ನು ತಿನ್ನುವ ತೋಳ, ಪ್ಯೂಮಾಗಳನ್ನು ಜನ ಬಹುತೇಕ ಕಡೆ ಮೊದಲೇ ನಿರ್ನಾಮ ಮಾಡಿದ್ದರು. ಒಳ್ಳೆಯ ಮೇವು ಸಿಕ್ಕರೆ ಹೆಣ್ಣುಜಿಂಕೆ ಸಾಮಾನ್ಯವಾಗಿ ಅವಳಿ ಮರಿ ಹಾಕುತ್ತದೆ. ಜಿಂಕೆ ಮಿತಿಮೀರಿದ ಕಾಡಿನಲ್ಲಿ ಹಳೆಯ ಮರಗಳಿರುತ್ತವೆ, ಆದರೆ ಮೊಳಕೆಯೊಡೆದ ಸಸಿ ಮರವಾಗುವ ಮೊದಲೇ ಜಿಂಕೆಯ ಹೊಟ್ಟೆ ಸೇರುತ್ತದೆ.

ಕೊಂಬಿನ ಆಸೆಗೆ ಗಂಡನ್ನಷ್ಟೇ ಹೊಡೆದರೆ ಪ್ರಯೋಜನವಿಲ್ಲ. ಒಂದು ಗಂಡು ಹಲವು ಹೆಣ್ಣುಗಳೊಡನೆ ಕೂಡುವುದರಿಂದ ಮರಿಗಳ ಸಂಖ್ಯೆ ಅಷ್ಟಾಗಿ ಇಳಿಯದು. ಆದ್ದರಿಂದ ತಿಳಿದ ಕ್ಲಬ್ಬುಗಳು ಎಷ್ಟು ಹೆಣ್ಣು, ಎಷ್ಟು ಗಂಡು ಎಂದು ಲೆಕ್ಕ ಹಾಕಿ ಬೇಟೆಯಾಡುತ್ತವೆ. ಕೊಂದ ಜಿಂಕೆಯ ತೂಕ ಬರೆದಿಡುತ್ತವೆ. ದವಡೆಯ ಹಲ್ಲಿನ ಸವೆತ ನೋಡಿ ವಯಸ್ಸು ಅಂದಾಜಿಸುತ್ತವೆ. ಈ ವಿವರಗಳು ವನ್ಯಜೀವಿ ತಜ್ಞರಿಗೂ ಉಪಯುಕ್ತ.

ಆಕ್ಷೇಪಗಳೂ ಇಲ್ಲದಿಲ್ಲ. ಬೇಟೆ ಸುಲಭವಾಗಲೆಂದು ಹೆಚ್ಚು ಜಿಂಕೆಗಳನ್ನು ಬಯಸುವವರು, ತೋಳ ಮರಳುವುದನ್ನು ವಿರೋಧಿಸುವವರು ಬೇಟೆಗಾರರಲ್ಲೇ ಇದ್ದಾರೆ.

ಹಾಗಾದರೆ ನಮ್ಮಲ್ಲೂ ಇಂಥ ಕ್ಲಬ್ಬು ಬೇಕೆ? ಬಂಡೀಪುರವೂ ಒಂದು ಕಾಲಕ್ಕೆ ಮೈಸೂರು ಮಹಾರಾಜರ ಬೇಟೆಯ ಕಾಡೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಜಿಂಕೆ ಬೇಟೆ ಅಪರಾಧ. ಅಲ್ಲಿ ಹುಲಿ, ಚಿರತೆ, ಸೀಳುನಾಯಿಗಳು ಇನ್ನೂ ಉಳಿದಿವೆ. ಅಮೆರಿಕದಲ್ಲಿ ಕೋವಿ ಮಾಡುವ ಕೆಲಸವನ್ನು ಇಲ್ಲಿ ಅವು ಸಂಬಳವಿಲ್ಲದೆ ಮಾಡುತ್ತಿವೆ. ಅವುಗಳನ್ನು ಕಳೆದುಕೊಂಡರೆ ಆ ಲೆಕ್ಕ ನಮ್ಮ ತಲೆಯ ಮೇಲೆ ಬೀಳುತ್ತದೆ.